ಬೆಕ್ಕಿಗೆ ಲಿಂಗ ಕಟ್ಟಿದ ಸೋಮವಾರ

ನನ್ನ ತಮ್ಮನ ಕಾಲಿನ ಹೆಬ್ಬೆರಳನ್ನು ಇಲಿ ಕಚ್ಚದೆ ಹೋಗಿದ್ದರೆ ನಮ್ಮ ಮನೆಗೆ ಬೆಕ್ಕು ಬರುತ್ತಲೇ ಇರಲಿಲ್ಲ. ಆಗ ನನಗೆ ಎಂಟು ವರ್ಷ, ನನ್ನ ಬೆನ್ನಿಗೆ ಬಿದ್ದ ಬಸ್ಯಾನಿಗೆ ಐದು, ಕೂಸಿಗೆ ನಾಲ್ಕು ತಿಂಗಳು. ಯಾದಗಿರಿಯ ಕೋಟೆ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ತೊಗರಿ ಚೀಲಗಳಿಗೇ ಜಾಗ ಹೆಚ್ಚು. ಅಪ್ಪ ಮುದನಾಳದ ಕಡೆಯಿಂದ ತೊಗರಿ ತಂದು, ಕೇರಿಸಿ, ಹಸನು ಮಾಡಿಸಿ ಮಾರುತ್ತಿದ್ದ. ಪಡಸಾಲೆಯ ಮೂರು ಗೋಡೆಗೂ ಚೀಲ, ಅವುಗಳ ನಡುವೆ ಜಂತಿಗೆ ಕಟ್ಟಿದ ತೊಟ್ಟಿಲು, ಒಳಗೆ ಅಡಿಗೆಮನೆ, ಅದರ ಮೂಲೆಯಲ್ಲೇ ದೇವರ ಜಗಲಿ. ಚೀಲ ಇದ್ದಲ್ಲಿ ಇಲಿ ಇರಲೇಬೇಕಲ್ಲ. ಇಷ್ಟು ದಿನ ತೊಗರಿ ತಿನ್ನುತ್ತಿದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಕೂಸನ್ನು ಕೌದಿಯ ಮೇಲೆ ಮಲಗಿಸಿ ರೊಟ್ಟಿ ಬಡಿಯಲು ಹೋದಾಗ ಒಂದು ಇಲಿ ಬಂದು ಬೆರಳಿನ ರುಚಿ ನೋಡಿಬಿಟ್ಟಿತು. ಕೂಸು ಚೀರಿದ್ದಕ್ಕಿಂತ ಅವ್ವ ಚೀರಿದ್ದು ಜೋರಾಗಿತ್ತು. ಅಪ್ಪ ಹೊರಗಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅವಳ ತೀರ್ಪು ತಯಾರಾಗಿತ್ತು.

“ಇವತ್ತ ಬೆರಳ, ನಾಳಿ ಮೂಗ. ಮನಿಗೆ ಬೆಕ್ಕು ತರ್ತೀರೋ, ನನ್ನ ತವರಿಗೆ ಕಳಸ್ತೀರೋ, ಎರಡ್ರಾಗ ಒಂದು ಹೇಳ್ರಿ. ವನದುರ್ಗದ ಹಾದಿ ನನಗ ಗೊತ್ತದ.”

ಅಪ್ಪನಿಗೆ ಎರಡರಲ್ಲಿ ಬೆಕ್ಕು ಸುಲಭ ಅನ್ನಿಸಿರಬೇಕು. ತಕರಾರು ಬಂದದ್ದು ಆಯಿಯಿಂದ. ಆಯಿ ಅಂದರೆ ಅಪ್ಪನ ತಾಯಿ, ಮನೆಯ ಬೀಗದ ಕೈಯೂ ನೀತಿ ನಿಯಮಗಳೂ ಅವಳ ಸೆರಗಿನಲ್ಲೇ. ಬೆಳಿಗ್ಗೆ ಸ್ನಾನವಾಗಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುವವಳಲ್ಲ. ಮನೆಯಲ್ಲಿ ಮೊಟ್ಟೆ ಅನ್ನುವ ಶಬ್ದ ಬಾಯಲ್ಲಿ ಬಂದರೂ ಹೋಗಿ ಬಾಯಿ ತೊಳೆದುಕೊಂಡು ಬಾ ಅನ್ನುವವಳು. ಅಂಥವಳ ಎದುರು ಅಪ್ಪ ಚೀಲದೊಳಗಿಂದ ಬೂದಿ ಬಣ್ಣದ ಒಂದು ಮರಿಯನ್ನು ತೆಗೆದು ನೆಲಕ್ಕೆ ಬಿಟ್ಟ. ಅದು ಪರಸಿ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಆಯಿಯ ಸೀರೆಯ ಅಂಚು ಮೂಸಿ, ಅಲ್ಲೇ ಕುಳಿತು ಕಾಲು ನೆಕ್ಕತೊಡಗಿತು.

“ಎಲ್ಲಿಂದ ತಂದಿ ಇದನ್ನ?”

“ನಿಂಗಮ್ಮನ ಮನಿಯಿಂದ ಯವ್ವಾ.”

“ಹೊಳಿದಂಡಿ ನಿಂಗೀ ಮನಿಯಿಂದ? ಮೀನ ತಿಂದ ಬಾಯಿ ಅದು. ನಮ್ಮ ಹಾಲಿನ ಗಡಗಿಗೆ ಬಾಯಿ ಹಾಕಿದ್ರ?”

“ಯವ್ವಾ, ಇಲಿ ಹಿಡೀಲಿ ಅಂತನೇ ತಂದೀನಿ.”

“ಹಿಡೀಲಿ. ಹಿಡೀಬ್ಯಾಡ ಅಂದೇನೇನು? ತಿನ್ನಬಾರ್ದು. ಈ ಮನಿಯಾಗ ಒಂದ್ ದಿನ ಇದು ಮಾಂಸ ತಿಂದದ್ದು ನನ್ನ ಕಣ್ಣಿಗೆ ಬಿತ್ತಂದ್ರ, ಅವತ್ತೇ ವಾಪಸ್ ಹೊಳಿದಂಡಿಗೆ.”

ಇಲಿ ಹಿಡಿಯಬೇಕು, ತಿನ್ನಬಾರದು! ಅಪ್ಪ ಅವ್ವನ ಮುಖ ನೋಡಿದ, ಅವ್ವ ಒಲೆಯ ಕಡೆ ನೋಡಿದಳು. ದೊಡ್ಡವರಿಗೆ ಇದು ನಗುವ ಮಾತು. ಬೆಕ್ಕಿಗೆ ಆಯಿಯ ಕಾನೂನು ಗೊತ್ತಾಗುವುದಿಲ್ಲ, ಆಯಿಗೆ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ, ಹೇಗೋ ನಡೆಯುತ್ತದೆ ಅಂದುಕೊಂಡರು. ನಾನು ಹಾಗೆ ಅಂದುಕೊಳ್ಳಲಿಲ್ಲ. ಆ ಮರಿ ನನ್ನ ಪಾದದ ಮೇಲೆ ಬಂದು ಮಲಗಿದ ಮೊದಲ ಸಂಜೆಯೇ ಅದು ನಮ್ಮ ಮನೆ ಬಿಟ್ಟು ಹೋಗಬಾರದು ಎಂದು ನನಗೆ ಜೀವ ಹೋಗುವಷ್ಟು ಆಸೆಯಾಗಿತ್ತು.

ಒಲೆಯ ಬೆಚ್ಚನೆ ಬೂದಿಯಲ್ಲಿ ಮಲಗುತ್ತಿದ್ದುದರಿಂದ ಅದಕ್ಕೆ ಬೂದಿ ಎಂದೇ ಹೆಸರಾಯಿತು. ಮೊದಲ ವಾರ ನಾನು ಮತ್ತು ಬಸ್ಯಾ ಬೇರೆ ಕೆಲಸವನ್ನೇ ಮಾಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಖರೆಯೋ ಸುಳ್ಳೋ ನೋಡಬೇಕು ಅಂತ ಬಸ್ಯಾ ಬಟ್ಟಲಿನ ಎದುರು ನೆಲಕ್ಕೆ ಗಲ್ಲ ಹಚ್ಚಿ ಮಲಗುತ್ತಿದ್ದ. ಒಂದು ದಿನ ಮುಚ್ಚಿತು, ಒಂದು ದಿನ ಅರ್ಧ ಮುಚ್ಚಿತು, ಮೂರನೆಯ ದಿನ ಎರಡೂ ಕಣ್ಣು ಬಿಟ್ಟು ಅವನನ್ನೇ ನೋಡುತ್ತ ಕುಡಿಯಿತು. ಅದಕ್ಕೆ ನಾಚಿಕೆ ಹೋಯಿತು ಅಂತ ಬಸ್ಯಾ ಮನೆಯವರಿಗೆಲ್ಲ ಹೇಳಿಕೊಂಡು ಬಂದ. ಬೂದಿಗೆ ಎಲ್ಲರಿಗಿಂತ ಸೋಜಿಗ ಹುಟ್ಟಿಸಿದ್ದು ಕೂಸು. ತೊಟ್ಟಿಲ ಕೆಳಗೆ ಕುಳಿತು, ಅದು ಆ ಕಡೆ ಹೋದರೆ ಆ ಕಡೆ, ಈ ಕಡೆ ಬಂದರೆ ಈ ಕಡೆ ತಲೆ ತಿರುಗಿಸುತ್ತಿತ್ತು. ಕೂಸು ಅತ್ತರೆ ತಾನೂ ಒದರುತ್ತಿತ್ತು. ಅವ್ವ ಮೊದಮೊದಲು ಕೋಲು ಹಿಡಿದೇ ಕೂತಿರುತ್ತಿದ್ದಳು, ಎಲ್ಲಿ ಕೂಸಿನ ಮುಖದ ಮೇಲೆ ಹತ್ತುತ್ತದೋ ಅಂತ. ಹತ್ತು ದಿನದ ಮೇಲೆ ಕೋಲು ಮೂಲೆ ಸೇರಿತು. ಕೂಸಿನ ಮುಷ್ಟಿಗೆ ಬೂದಿಯ ಬಾಲ ಸಿಕ್ಕಿ, ಅದು ಎಳೆದರೂ ಬೂದಿ ಉಗುರು ತೆಗೆಯದೆ ಹಲ್ಲು ಕಚ್ಚಿ ಸಹಿಸಿಕೊಂಡದ್ದನ್ನು ಅವ್ವ ತನ್ನ ಕಣ್ಣಾರೆ ನೋಡಿದ್ದಳು.

“ಇದಕ್ಕಿರೋ ತಾಳ್ಮಿ ನಿಮ್ಮಿಬ್ಬರಿಗಿಲ್ಲ ನೋಡ್ರಿ,” ಅಂತ ನಮಗೇ ಅಂದಳು.

ಅಷ್ಟರಲ್ಲಿ ಕೂಸಿಗೆ ಲಿಂಗ ಕಟ್ಟುವ ದಿನ ಬಂತು. ಮಠದಿಂದ ಅಯ್ಯನವರು ಬಂದು, ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಲಿಂಗವನ್ನು ಬಾರಿಹಣ್ಣಿನಷ್ಟು ದೊಡ್ಡ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೂಸಿನ ಎದೆಗೆ ಮುಟ್ಟಿಸಿದರು. ಕೂಸು ದೊಡ್ಡದಾಗುವವರೆಗೆ ಅದನ್ನು ದಾರದ ಸಮೇತ ತೊಟ್ಟಿಲ ಹಗ್ಗಕ್ಕೆ ಕಟ್ಟಿಡುವುದು ನಮ್ಮಲ್ಲಿಯ ರೂಢಿ. ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಆಯಿ ಕೂಸಿನ ಪರವಾಗಿ ಅದಕ್ಕೂ ಪೂಜೆ ಮಾಡುತ್ತಿದ್ದಳು. ಅಯ್ಯನವರು ಹೋದ ಮೇಲೆ ಆಯಿ ನಮ್ಮನ್ನು ಎದುರಿಗೆ ಕೂರಿಸಿಕೊಂಡಳು.

“ಇವತ್ತಿಂದ ಇಂವ ಲಿಂಗವಂತ ಆದ. ಇನ್ನ ಮಾಂಸ ಮುಟ್ಟಂಗಿಲ್ಲ, ಸುಳ್ಳ ಹೇಳಂಗಿಲ್ಲ.”

“ಇಷ್ಟ್ ದಿನ ತಿಂತಿದ್ನೇನ್ ಆಯಿ?” ಅಂತ ಬಸ್ಯಾ ಕೇಳಿದ. ಅವನಿಗೆ ಬಿದ್ದ ಏಟಿನ ಸಪ್ಪಳ ಅಂಗಳಕ್ಕೆ ಕೇಳಿತು. ಅಂಗಳದಲ್ಲಿ ತೊಗರಿ ಕೇರುತ್ತಿದ್ದ ನಿಂಗಮ್ಮ ಮೊರ ಪಕ್ಕಕ್ಕಿಟ್ಟು ನಕ್ಕಳು. ಅವಳ ಗಂಡ ಭೀಮೆಯಲ್ಲಿ ಬಲೆ ಹಾಕುವವನು. ಇವಳು ಸುಗ್ಗಿಯಲ್ಲಿ ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದಳು. ಅಂಗಳದಲ್ಲಿ ಕೆಲಸ, ಕಟ್ಟೆಯ ಮೇಲೆ ಊಟ. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ, ದಾಟು ಎಂದದ್ದನ್ನೂ ಕೇಳಿಲ್ಲ.

ಆಯಿಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಎರಡು ದಿನದ ಹಿಂದೆ ದೇವರ ಜಗಲಿಯ ಹಿಂದೆ ಒಂದು ಇಲಿಯ ಬಾಲ ನನಗೆ ಸಿಕ್ಕಿತ್ತು. ಬಾಲ ಮಾತ್ರ. ಉಳಿದದ್ದು ಬೂದಿಯ ಹೊಟ್ಟೆಯಲ್ಲಿ. ಅದನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಹಿತ್ತಲಲ್ಲಿ ಹೂತು ಬಂದಿದ್ದೆ. ಎಷ್ಟು ಬಾಲ ಹೂಳಲಿಕ್ಕೆ ಆಗುತ್ತದೆ? ಇವತ್ತಲ್ಲ ನಾಳೆ ಆಯಿಗೆ ಸಿಕ್ಕೇ ಸಿಗುತ್ತದೆ. ಲಿಂಗ ಕಟ್ಟಿದರೆ ಮಾಂಸ ಮುಟ್ಟುವುದಿಲ್ಲ ಅನ್ನುವುದಾದರೆ ದಾರಿ ಒಂದೇ. ನನ್ನ ಕೊರಳಿನ ಲಿಂಗ ಕೊಡೋಣವೆಂದರೆ ಸ್ನಾನದ ಹೊತ್ತಿಗೆ ಆಯಿ ಕೇಳುತ್ತಾಳೆ. ತೊಟ್ಟಿಲಿಗೆ ಕಟ್ಟಿದ್ದನ್ನು ಒಂದು ಸ್ವಲ್ಪ ಹೊತ್ತು, ಬೂದಿಯ ಸ್ವಭಾವ ಬದಲಾಗುವಷ್ಟು ಹೊತ್ತು ತೆಗೆದುಕೊಂಡರೆ ಯಾರಿಗೆ ಗೊತ್ತಾಗಬೇಕು? ಸೋಮವಾರ ಶಿವನ ದಿನ. ಅವತ್ತು ಬೆಳಿಗ್ಗೆ ಅವ್ವ ಬಾವಿಗೆ ಹೋದಾಗ ಹಿತ್ತಲಲ್ಲಿ ನಾನು ಬೂದಿಯನ್ನು ತೊಡೆಯ ಮೇಲೆ ಹಿಡಿದುಕೊಂಡೆ, ಬಸ್ಯಾ ಅಯ್ಯನವರಾದ. ಕರಡಿಗೆಯ ದಾರವನ್ನು ಅದರ ಕೊರಳಿಗೆ ಎರಡು ಸುತ್ತು ಹಾಕಿ ಗಂಟು ಬಿಗಿದ. ಅದರ ಕಿವಿಯಲ್ಲಿ ಪಿಸುಗುಟ್ಟಿದ.

“ಏನ್ ಹೇಳ್ದಿ ಅದಕ್ಕ?”

“ಮಂತ್ರ ನನಗ ಬರಂಗಿಲ್ಲ. ಇಲಿ ತಿನಬ್ಯಾಡ ಅಂತ ಹೇಳೀನಿ.”

ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಕೊನೆಗೆ ಅವನು ವಿಭೂತಿ ಹಚ್ಚಲು ಹೋಗಿ ಬೂದಿಯ ಮೂಗಿಗೇ ಮೆತ್ತಿದ. ಅದು ಮೂರು ಸಲ ಸೀನಿ, ಅವನ ಕೈ ಪರಚಿ, ನನ್ನ ತೊಡೆಯಿಂದ ಜಿಗಿದು, ಹಿತ್ತಲ ಗೋಡೆ ಹತ್ತಿ ಆಚೆ ಹೋಯಿತು. ಕೊರಳಲ್ಲಿ ಬೆಳ್ಳಿ ಒಮ್ಮೆ ಮಿಂಚಿದ್ದು ಕಂಡಿತು. ನಾವು ಓಣಿಯೆಲ್ಲ ತಿರುಗಿದೆವು. ಬೂದಿ ಇಲ್ಲ.

ಮಧ್ಯಾಹ್ನ ಆಯಿ ಪೂಜೆಗೆ ತೊಟ್ಟಿಲ ಹಗ್ಗ ಮುಟ್ಟಿದಳು. ಮತ್ತೆ ಮುಟ್ಟಿದಳು. ಆಮೇಲೆ ಮನೆ ಅಡಿಮೇಲಾಯಿತು. ಕೌದಿ ಕೊಡವಿದರು, ಚೀಲಗಳನ್ನು ಸರಿಸಿದರು, ಒಲೆಯ ಬೂದಿಯನ್ನೂ ಜರಡಿ ಹಿಡಿದರು. ನಾನೂ ಎಲ್ಲರ ಜೊತೆ ಹುಡುಕಿದೆ! ಇಲ್ಲ ಎಂದು ಗೊತ್ತಿರುವ ಜಾಗದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಜೀವನದಲ್ಲಿ ಮತ್ತೆಂದೂ ಹುಡುಕಿಲ್ಲ. ಬಡಿಸಿದ ತಾಟನ್ನು ಆಯಿ ಪಕ್ಕಕ್ಕೆ ಸರಿಸಿದಳು.

“ಕೂಸಿನ ಲಿಂಗ ಸಿಗೂತನಕ ನನ್ನ ಬಾಯಾಗ ನೀರೂ ಬ್ಯಾಡ.”

“ಯವ್ವಾ, ಮಠಕ್ಕ ಹೋಗಿ ಇನ್ನೊಂದು ತರ್ತೀನಿ, ಫಿಕರ್ ಮಾಡಬ್ಯಾಡ,” ಅಂದ ಅಪ್ಪ.

“ಅದೇನ್ ಛತ್ರಿ ಏನೋ, ಕಳೀತಂದ್ರ ಇನ್ನೊಂದು ತರಾಕ?”

ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಆದರೆ ನಮ್ಮ ಕಡೆ ಬಿಸಿಲಿಗೆ ಶಿವರಾತ್ರಿ ಕಾಯುವ ತಾಳ್ಮೆ ಎಲ್ಲಿದೆ? ಮಂಗಳವಾರ ಬೆಳಗಾಗುವ ಹೊತ್ತಿಗೆ ಆಯಿಯ ತುಟಿ ಒಣಗಿ ಬಿಳಿಚಿತ್ತು. ಅವ್ವ ನೀರಿನ ತಂಬಿಗೆ ಹಿಡಿದು ಎರಡು ಸಲ ಹೋಗಿ ಎರಡು ಸಲ ವಾಪಸ್ಸು ಬಂದಳು. ನಾನು ಹೇಳಿದರೆ ಬೂದಿ ಮನೆಯಿಂದ ಹೋಗುತ್ತದೆ, ಹೇಳದಿದ್ದರೆ ಆಯಿ. ನಾನು ನಾಚಿಕೆ ಬಿಟ್ಟು ಬರೆಯುತ್ತೇನೆ, ಇಡೀ ಒಂದು ದಿನ ನಾನು ಆಯಿಯನ್ನಲ್ಲ, ಬೆಕ್ಕನ್ನೇ ಆರಿಸಿಕೊಂಡಿದ್ದೆ. ಆಮೇಲೆ ಆಯಿ ಒಂದು ಮಾತು ಆಡಿದಳು. ತೊಟ್ಟಿಲ ಪಕ್ಕ ಕಂಬಳಿಯ ಮೇಲೆ ಮಲಗಿ, ಅಂಗಳದ ಕಡೆ ನೋಡುತ್ತ ಆಡಿದಳು.

“ನಿಂಗಿ ಇವತ್ತ ಯಾಕ ಬಂದಿಲ್ಲ?”

ಅವ್ವ ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತಿದಳು. “ಏನರೆ ಕೆಲಸ ಬಂದಿರಬೇಕ್ರಿ ಅತ್ತಿ.”

“ಸುಗ್ಗ್ಯಾಗ ಒಂದ್ ದಿನ ತಪ್ಪಿಸಿದಾಕಿ ಅಲ್ಲ ಅಕಿ. ಬೆಳ್ಳಿ ಹೋದ ಮರುದಿನನೇ ತಪ್ಪಿಸ್ಯಾಳ.”

“ಅತ್ತಿ, ಅಕಿ ಹೊಸ್ತಲ ದಾಟಿ ಒಳಗೇ ಬಂದಿಲ್ಲಲ್ರಿ.”

“ದಾಟ್ಯಾಳೋ ಇಲ್ಲೋ, ಯಾರು ನೋಡ್ಯಾರ?”

ಲಿಂಗ ಯಾರ ಕೊರಳಲ್ಲಿ ಹೋಯಿತೆಂದು ನಾನು ನೋಡಿದ್ದೆ. ನಾನು ಮತ್ತು ಬಸ್ಯಾ ಇಬ್ಬರೇ ನೋಡಿದ್ದೆವು. ನಿಂಗಮ್ಮ ನನಗೆ ಬಾರಿಹಣ್ಣು ತಂದು ಕೊಡುವವಳು, ಬೂದಿ ನಮ್ಮ ಮನೆಗೆ ಬಂದ ಮರುದಿನ ಇದು ಇದರವ್ವನಿಗೆ ಕೊನೆಯ ಮರಿ, ಹುಷಾರಾಗಿ ನೋಡ್ಕೋ ಗೌರಾ ಅಂದವಳು. ನನ್ನ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆಯಿಯ ತಲೆಯ ಹತ್ತಿರ ಹೋಗಿ ಕುಳಿತೆ. ಇಲಿಯ ಬಾಲದಿಂದ ಶುರು ಮಾಡಿ ಸೀನಿನವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವ್ವ ಎದ್ದು ಬಂದು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಅಪ್ಪ ಚೀಲದ ಮೇಲೆ ಕುಸಿದು ಕುಳಿತ.

“ಬೆಕ್ಕಿಗೆ ಗಂಟಿ ಕಟ್ಟೋರ ಕಥಿ ಕೇಳಿದ್ದೆ. ಲಿಂಗ ಕಟ್ಟಿದೋರ್ನ ಇವತ್ತ ನೋಡ್ದೆ,” ಅಂದು ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಬೆಕ್ಕು ಹುಡುಕಲು ಹೊರಟ.

ಆಯಿ ಮಾತ್ರ ಜಂತಿ ನೋಡುತ್ತ ಮಲಗಿದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೊನೆಗೆ ಒಣಗಿದ ದನಿಯಲ್ಲಿ, ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದಳು.

“ಕಟ್ಟಿದ ಮ್ಯಾಲ ಅದರ ಮುಂದ ಇಲಿ ಬಂದಿತ್ತೇನು?”

“ಇಲ್ಲ ಆಯಿ. ಅಷ್ಟರಾಗ ಓಡಿಹೋತು.”

“ಹ್ಞಾ,” ಅಂದಳು. “ಬಂದಿದ್ರ ಏನ್ ಮಾಡ್ತಿತ್ತೋ ನೋಡಬೇಕಾಗಿತ್ತು.”

ಮನೆಯ ಎಲ್ಲರಿಗಿಂತ ಹೆಚ್ಚು ನನ್ನ ಹಾಗೆ ಇದ್ದವಳು ಆಯಿ ಎಂದು ನನಗೆ ಆವತ್ತು ಗೊತ್ತಾಯಿತು. ಗೊತ್ತಾಗಿ ಅಳು ಬಂತು. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟು, ಬೆಕ್ಕಿನ ನ್ಯಾಯ ಆಮೇಲೆ, ಮೊದಲು ಲಿಂಗ ಸಿಗಲಿ ಅಂದಳು. ನೀರು ಕುಡಿ ಅಂದರೆ ಆಗಲೂ ಕುಡಿಯಲಿಲ್ಲ.

ಸಂಜೆ ಇನ್ನೂ ಬಿಸಿಲಿರುವಾಗಲೇ ನಿಂಗಮ್ಮ ಬಂದಳು. ಹೊಳೆಯಲ್ಲಿ ಮುಳುಗಿ ಬಂದ ಹಾಗೆ ಅವಳ ಕೂದಲಿಂದ ನೀರು ಇಳಿಯುತ್ತಿತ್ತು, ಮೈಮೇಲೆ ಒಗೆದ ಸೀರೆ. ಹೊಸ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಬೆಕ್ಕು ಹುಡುಕುತ್ತ ಹೋದ ಅಪ್ಪ ದಾರಿಯಲ್ಲೇ ಅವಳಿಗೆ ಸಿಕ್ಕಿ ಹಿಂದೆಯೇ ಬಂದಿದ್ದ. ಹೊಸ್ತಿಲ ಹೊರಗೆ ನಿಂತು ಅವಳು ಬುಟ್ಟಿ ಇಳಿಸಿದಳು. ಬಟ್ಟೆ ಸರಿಸಿದರೆ ಬೂದಿ, ಹೊಟ್ಟೆ ಬೆನ್ನಿಗೆ ಹತ್ತಿ, ಕೊರಳಲ್ಲಿ ಕರಡಿಗೆ ಇಟ್ಟುಕೊಂಡು ನಮ್ಮನ್ನೆಲ್ಲ ಬೈಯುವ ಹಾಗೆ ಒದರುತ್ತಿತ್ತು.

“ನಾ ಮುಟ್ಟಿಲ್ರಿ ಆಯಿ. ಹ್ಯಾಂಗ ಬಂತೋ ಹಂಗೇ ತಂದೀನಿ. ನಿನ್ನಿ ಸಂಜಿಗೆ ನಾ ಕೆಲಸದಿಂದ ಹೋಗೂದ್ರಾಗ ತನ್ನವ್ವನ್ನ ಹುಡಿಕ್ಕೊಂಡು ಮನಿಗೆ ಬಂದಿತ್ತು. ನೋಡಿದ್ರ ಕೊಳ್ಳಾಗ ಲಿಂಗ! ನನ್ನ ಜೀವನೇ ಹಾರಿ ಹೋತ್ರಿ.”

“ನಿನ್ನೀನೇ ತರಬಾರ್ದೇನವ್ವ? ಇಲ್ಲಿ ಇವರು ನೀರಿಲ್ಲದ ಮಲಗ್ಯಾರ,” ಅಂದಳು ಅವ್ವ.

“ಹ್ಯಾಂಗ ತರ್ಲಿರಿ? ಅಟ್ಟ ಹತ್ತಿ ಕೂತುಬಿಡ್ತು. ಒಂದು ಮೀನ ತೋರಿಸಿದ್ರ ಸಾಕಿತ್ತು, ಓಡಿ ಬರ್ತಿತ್ತು. ಲಿಂಗ ಕಟ್ಟಿದ್ದಕ್ಕ ಮೀನ ಹ್ಯಾಂಗ ತೋರಸ್ಲಿ? ಹಸಿದು ತಾನೇ ಇಳೀಲಿ ಅಂತ ಕೆಲಸಾ ಬಿಟ್ಟು ಅದರ ಕೆಳಗ ಕೂತಿದ್ದೆ. ಈಗ ಇಳೀತು.”

ಆಯಿ ಗೋಡೆ ಹಿಡಿದು ಎದ್ದು ಬಂದಳು. ಬೂದಿಯ ಕೊರಳಿನ ಗಂಟು ಬಿಚ್ಚಿದಳು. ಬಸ್ಯಾ ಹಾಕಿದ ಗಂಟು, ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಬಿಚ್ಚಿ, ಲಿಂಗವನ್ನು ನೀರಲ್ಲಿ ತೊಳೆದು, ಪೂಜೆ ಮುಗಿಸಿ, ತೊಟ್ಟಿಲಿಗೆ ಕಟ್ಟಿದಳು. ಅವ್ವ ತಾಟು ಬಡಿಸಿದಳು, ಬಿಸಿ ರೊಟ್ಟಿ, ಬ್ಯಾಳಿ, ಕೆನೆ ಮೊಸರು. ಆಯಿ ತಾಟಿನ ಮುಂದೆ ಕೂರಲಿಲ್ಲ. ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದು, ಒಳಗಿನ ಬದಿಗೆ ಕುಳಿತಳು. ಅವ್ವನಿಗೆ ಇನ್ನೊಂದು ತಾಟು ತರಲು ಹೇಳಿದಳು.

“ನಿಂಗಮ್ಮ, ಕೂಡು. ಉಣ್ಣು.”

ನಿಂಗಿ ಅಂತಲೇ ಕರೆಯುತ್ತಿದ್ದ ಆಯಿಯ ಬಾಯಲ್ಲಿ ಆ ಹೆಸರು ಪೂರ್ತಿ ಬಂದದ್ದು ಅದೇ ಮೊದಲು. ನಿಂಗಮ್ಮ ಹೊರಗಿನ ಬದಿಗೆ ಕುಳಿತಳು. ಒಳಗೆ ಬಾ ಎಂದು ಆಯಿ ಆವತ್ತೂ ಕರೆಯಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮನೆಯೊಡತಿಯಾದ ಆಯಿ ಹೊಸ್ತಿಲಲ್ಲಿ ತಾಟಿಟ್ಟುಕೊಂಡು ಉಂಡದ್ದನ್ನು ಓಣಿಯ ನಾಲ್ಕು ಮನೆಯವರು ನಿಂತು ನೋಡಿದರು. ಒಂದು ತುತ್ತು ನುಂಗಿ, ನೀರು ಕುಡಿದು, ಆಯಿ ಮುಖ ಎತ್ತಿದಳು.

“ನಾ ನಿನ್ನ ಮ್ಯಾಲ ಸಂಶೆ ಮಾಡಿದ್ದೆ. ಕೊಳ್ಳಾಗ ಲಿಂಗ ಇಟ್ಕೊಂಡು ಸುಳ್ಳ ಹೇಳಂಗಿಲ್ಲ.”

ನಿಂಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ರಿ. ಇವತ್ತ ಕೆಲಸಕ್ಕ ಬರಲಿಲ್ಲಂದ್ರ ಹಂಗೇ ಅಂತೀರಿ ಅಂತ ಅಟ್ಟದ ಕೆಳಗ ಕೂತಾಗೇ ಗೊತ್ತಿತ್ತು.”

ಆಯಿ ತಾಟಿನ ಕಡೆ ಮುಖ ತಗ್ಗಿಸಿದಳು. ಬೂದಿ ಇಬ್ಬರ ತಾಟಿನ ನಡುವೆ ಹೊಸ್ತಿಲ ಮೇಲೆ ಕುಳಿತು, ಮೊಸರನ್ನು ಮೂಸಿ ನೋಡಿ, ಬೇಡವೆಂದು ಮುಖ ತಿರುಗಿಸಿತು.

“ಅದು ನಿನ್ನೀಯಿಂದ ಏನೂ ತಿಂದಿಲ್ಲೇನು?”

“ಇಲ್ರಿ. ಭಾಳ ಒದರ್ತು, ನಾವು ಕೊಡ್ಲಿಲ್ಲ.”

“ಮತ್ತ ನೀವೇನ್ ಉಂಡ್ರಿ?”

“ಲಿಂಗ ಮನ್ಯಾಗ ಕೂತಿತ್ತಲ್ರಿ. ನಾವೇನ್ ಮೀನ ಕುದಸ್ತೀವಿ? ಮಕ್ಕಳಿಗೂ ರೊಟ್ಟಿ, ಪುಂಡಿಪಲ್ಯ ಹಾಕೀನಿ. ನಮ್ಮವರು ಹಿಡಿದು ತಂದದ್ದು ಹಂಗೇ ಓಣ್ಯಾಗ ಹಂಚಿಬಿಟ್ಟೆ.” ಅವಳು ಬೂದಿಯ ಬೆನ್ನು ಸವರಿದಳು. ಆಮೇಲೆ ಸ್ವಲ್ಪ ಅಳುಕುತ್ತ ಕೇಳಿದಳು. “ಈಗ ಬಿಚ್ಚೀರಲ್ಲ ಆಯಿ. ಇವತ್ತ ಅದಕ್ಕ ಒಂದು ಮೀನ ಕೊಡ್ಲೇನ್ರಿ?”

ನಾನು ಬಾಗಿಲ ಹಿಂದೆ ನಿಂತಿದ್ದೆ. ಆಯಿ ಬೂದಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೊಳೆಯುವ ತಂಬಿಗೆಯನ್ನೂ ಒಮ್ಮೆ ನೋಡಿದಳು.

“ಕೊಡು,” ಅಂದಳು. “ನೀವೂ ಹೊಟ್ಟಿ ತುಂಬ ಉಣ್ರಿ. ನಾಳಿ ಕೆಲಸಕ್ಕ ಬರೂ ಮುಂದ ಇದನ್ನ ಮರೀಬ್ಯಾಡ, ಕರ್ಕೊಂಡ್ ಬಾ. ನಮ್ಮ ಕೂಸು ಹುಡುಕತಾದ.”